ಮೂರು ಬೆರಳಿನ ಅಗಲ: ದವಡೆಯ ಕೀಲು ಮತ್ತು ಅಡಿಕೆಯ ನಾಡು

ಕುಂಬಳೆ ಸೀಮೆಯ ಯಾವುದೋ ದೇವಸ್ಥಾನದ ಎದುರಿನ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ನಡುರಾತ್ರಿ ದಾಟಿ ಮುಂಜಾವಿನತ್ತ ಸಾಗುವಾಗ, ಚೆಂಡೆಯ ಪೆಟ್ಟಿಗೆ ಬೆಚ್ಚಿ ಎದ್ದು ಮದ್ದಳೆಯ ನಡೆಗೆ ಮತ್ತೆ ತೂಕಡಿಸುವ ಪ್ರೇಕ್ಷಕರ ಸಾಲಿನಲ್ಲಿ ಆಕಳಿಕೆ ಒಬ್ಬರಿಂದ ಒಬ್ಬರಿಗೆ ಹರಡುತ್ತ ಹೋಗುತ್ತದೆ. ಹಾಗೆ ಆಕಳಿಸಿದವರಲ್ಲಿ ಕೆಲವರಿಗೆ ಕಿವಿಯ ಮುಂದೆಯೇ ‘ಕಟಕ್’ ಎಂಬ ಸದ್ದು ಕೇಳಿಸುತ್ತದೆ, ಕೆಲವರು ನೋವಿಗೆ ಕೆನ್ನೆಯನ್ನು ಅಂಗೈಯಲ್ಲಿ ಒತ್ತಿಕೊಳ್ಳುತ್ತಾರೆ, ಅಪರೂಪಕ್ಕೊಬ್ಬರ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತದೆ. ಎಲೆಯಡಿಕೆಯ ಸಂಚಿ ಅಥವಾ ಜೇಬಿನ ಪೊಟ್ಟಣ ಸದಾ ಜೊತೆಗಿರುವ ಇನ್ನು ಕೆಲವರ ಬಾಯಿ ಆಕಳಿಸುವಷ್ಟೂ ತೆರೆಯುವುದಿಲ್ಲ.

ಆಡುಮಾತಿನಲ್ಲಿ ಇವೆಲ್ಲ ‘ದವಡೆ ಹಿಡಿದಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ. ಆದರೆ ದಂತವೈದ್ಯರ ಕುರ್ಚಿಯಲ್ಲಿ ಇವು ನಾಲ್ಕು ಬೇರೆ ಬೇರೆ ತೊಂದರೆಗಳು: ಮೊದಲನೆಯದಕ್ಕೆ ಬಹುಪಾಲು ಚಿಕಿತ್ಸೆಯೇ ಬೇಡ, ಎರಡನೆಯದು ತಾಳ್ಮೆಯಿಂದ ಶಮನವಾಗುತ್ತದೆ, ಮೂರನೆಯದನ್ನು ಅನುಭವಿ ಕೈಗಳು ಕೆಲವೇ ನಿಮಿಷಗಳಲ್ಲಿ ಸರಿಪಡಿಸುತ್ತವೆ, ನಾಲ್ಕನೆಯದು ಮಾತ್ರ ಕೀಲಿಗೆ ಸಂಬಂಧಿಸಿದ್ದೇ ಅಲ್ಲ, ಅದು ಕ್ಯಾನ್ಸರಿನ ಮುನ್ಸೂಚನೆಯೂ ಆಗಿರಬಹುದು. ಅಡಿಕೆಯನ್ನು ಬೆಳೆಯುವ ಮತ್ತು ಜಗಿಯುವ ಕಾಸರಗೋಡಿನಂಥ ಜಿಲ್ಲೆಯಲ್ಲಿ ದವಡೆನೋವಿನ ಕಥೆ ಈ ವಿಂಗಡಣೆಯಿಂದಲೇ ಆರಂಭವಾಗಬೇಕಾಗುತ್ತದೆ.

ಕಿವಿಯ ಮುಂದಿನ ಕೀಲು

ಕಿವಿಯ ರಂಧ್ರದ ಎದುರಿಗಿರುವ ಪುಟ್ಟ ಮೆದುಮೂಳೆಯ ಉಬ್ಬಿಗಿಂತ ತುಸು ಮುಂದೆ ಬೆರಳಿಟ್ಟು ಬಾಯಿ ತೆರೆದರೆ, ಚರ್ಮದ ಕೆಳಗೆ ಗುಂಡನೆಯದೊಂದು ಮೊದಲು ಹೊರಳಿ ಆಮೇಲೆ ಮುಂದಕ್ಕೆ ಜಾರುವುದು ತಿಳಿಯುತ್ತದೆ. ಅದೇ ಕೆಳದವಡೆಯ ಮೂಳೆಯ ತಲೆ. ತಲೆಬುರುಡೆಯ ತಳದಲ್ಲಿರುವ ಕುಳಿಯೊಂದರಲ್ಲಿ ಅದು ಕೂತಿರುತ್ತದೆ. ಮೊಣಕೈಯ ಕೀಲು ಮುಖ್ಯವಾಗಿ ಮಡಚಿ ಬಿಡಿಸಿಕೊಳ್ಳುತ್ತದೆ, ಆದರೆ ದವಡೆಯ ಕೀಲು ತಿರುಗುವುದರ ಜೊತೆಗೆ ಜಾರಲೂಬೇಕು: ಬಾಯಿ ಸುಮಾರು 20ರಿಂದ 25 ಮಿಲಿಮೀಟರಿನಷ್ಟು ತೆರೆಯುವವರೆಗೆ ಮೂಳೆಯ ತಲೆ ಕುಳಿಯಲ್ಲೇ ತಿರುಗುತ್ತದೆ, ಅದಕ್ಕಿಂತ ಹೆಚ್ಚು ತೆರೆಯಬೇಕಾದರೆ ಕುಳಿಯ ಮುಂದಿರುವ ಮೂಳೆಯ ಏರಿನ ಮೇಲೆ ಮುಂದಕ್ಕೂ ಕೆಳಕ್ಕೂ ಸರಿಯಬೇಕಾಗುತ್ತದೆ. ಎಡಬಲದ ಎರಡು ಕೀಲುಗಳನ್ನು ಒಂದೇ ಮೂಳೆ ಜೋಡಿಸಿರುವುದರಿಂದ ಒಂದು ಹಟ ಹಿಡಿದರೆ ಇನ್ನೊಂದೂ ಅದರ ಫಲವನ್ನು ಉಣ್ಣುತ್ತದೆ.

ಮೂಳೆಯ ತಲೆಗೂ ಕುಳಿಗೂ ನಡುವೆ ನಾರುಭರಿತ, ಬಾಗುವ ಗುಣದ ಒಂದು ತಟ್ಟೆ ಇದೆ. ತಲೆಹೊರೆಗೂ ನೆತ್ತಿಗೂ ನಡುವೆ ಇಡುವ ಸಿಂಬಿ ಹೊರೆಯ ಭಾರವನ್ನು ಹಂಚುವಂತೆ, ಈ ತಟ್ಟೆಯೂ ಜಗಿತದ ಒತ್ತಡವನ್ನು ಹಂಚುತ್ತದೆ. ನಡೆಯುವಾಗ ಸಿಂಬಿ ತಲೆಯೊಂದಿಗೇ ಸಾಗುವ ಹಾಗೆ ಇದೂ ಮೂಳೆಯ ತಲೆಯೊಂದಿಗೇ ಹಿಂದೆ ಮುಂದೆ ಚಲಿಸಬೇಕು. ಈ ಸಿಂಬಿ ಜಾರಿದಾಗಲೇ ಕೀಲಿನ ಹಲವು ತಕರಾರುಗಳು ಹುಟ್ಟುತ್ತವೆ.

ಕೀಲನ್ನು ಆಡಿಸುವ ಸ್ನಾಯುಗಳು ನಾಲ್ಕು ಜೊತೆ. ಹಲ್ಲು ಕಚ್ಚಿದಾಗ ಕೆನ್ನೆಯಲ್ಲಿ ಗಟ್ಟಿಯಾಗಿ ಉಬ್ಬುವುದು ಒಂದು, ಕಣತಲೆಯಲ್ಲಿ ಬೀಸಣಿಗೆಯಾಕಾರದಲ್ಲಿ ಹರಡಿರುವುದು ಇನ್ನೊಂದು, ಉಳಿದೆರಡು ದವಡೆಯ ಒಳಬದಿಯಲ್ಲಿ ಅಡಗಿರುತ್ತವೆ. ದವಡೆನೋವೆಂದು ಬರುವವರಲ್ಲಿ ದೊಡ್ಡ ಪಾಲಿನವರ ನೋವು ಈ ಸ್ನಾಯುಗಳದ್ದೇ ಆಗಿರುತ್ತದೆ, ಕೀಲಿನದ್ದಲ್ಲ ಎಂಬುದು ಕೇಳುವವರಿಗೆ ಅಚ್ಚರಿಯೆನಿಸಬಹುದು.

ಸದ್ದು, ನೋವು, ಬಿಗಿತ

ತಟ್ಟೆ ತನ್ನ ಸ್ಥಾನದಿಂದ ಸ್ವಲ್ಪ ಮುಂದಕ್ಕೆ ಜಾರಿದ್ದರೆ, ಬಾಯಿ ತೆರೆಯುವಾಗ ಮೂಳೆಯ ತಲೆ ಅದರ ಹಿಂಬದಿಯ ಅಂಚನ್ನು ದಾಟಿ ಮತ್ತೆ ಅದರಡಿಗೆ ಸೇರುವ ಕ್ಷಣದಲ್ಲಿ ‘ಕಟಕ್’ ಎನ್ನುತ್ತದೆ. ಇಂಥ ಸದ್ದು ಸುಮಾರು ಮೂವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಕಾಲದಲ್ಲಿ ಇರುತ್ತದೆಂಬ ಅಂದಾಜಿದ್ದು, ನೋವಾಗಲಿ ಬಿಗಿತವಾಗಲಿ ಇಲ್ಲದಿದ್ದರೆ ಅದನ್ನು ಹಾಗೆಯೇ ಬಿಡುವುದು ಒಳ್ಳೆಯದೆಂಬುದರಲ್ಲಿ ತಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ. ಸದ್ದನ್ನೇ ಕಾಯಿಲೆಯೆಂದು ತಿಳಿದು ಅದನ್ನು ನಿಲ್ಲಿಸಲು ಹೊರಡುವ ಚಿಕಿತ್ಸೆ ಹಣಕ್ಕೂ ಕೆಲವೊಮ್ಮೆ ಕೀಲಿಗೂ ಹಾನಿ.

ಎಷ್ಟೋ ಕಾಲದಿಂದ ಬರುತ್ತಿದ್ದ ಸದ್ದು ಒಂದು ದಿನ ಇದ್ದಕ್ಕಿದ್ದಂತೆ ನಿಂತು, ಅದರೊಂದಿಗೆ ಬಾಯಿಯೂ ಅರ್ಧಕ್ಕೇ ನಿಂತರೆ ಮಾತು ಬೇರೆ. ತಟ್ಟೆ ಪೂರ್ತಿ ಮುಂದೆ ಜಾರಿ ಮೂಳೆಯ ತಲೆಯ ದಾರಿಗೆ ಅಡ್ಡವಾಗಿ ಕೂತಿದೆ ಎಂದು ಅದರರ್ಥ. ಆಗ ಬಾಯಿ ತೆರೆಯುವಾಗ ಗದ್ದ ತೊಂದರೆಯಿರುವ ಬದಿಗೆ ವಾಲುತ್ತದೆ. ಮರಳು ಉಜ್ಜಿದಂಥ ಕರಕರ ಸದ್ದಾದರೆ ಕೀಲಿನ ಮೇಲ್ಮೈಯೇ ಸವೆದಿರುವ ಸಂಶಯ ಮೂಡುತ್ತದೆ.

ಒಟ್ಟು ಜನಸಂಖ್ಯೆಯಲ್ಲಿ ಶೇಕಡಾ 5ರಿಂದ 12ರಷ್ಟು ಮಂದಿಗೆ ಈ ಬಗೆಯ ತೊಂದರೆಗಳಿರುತ್ತವೆ ಎಂಬ ಅಂತಾರಾಷ್ಟ್ರೀಯ ಅಂದಾಜಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಮುಪ್ಪಿನಲ್ಲಲ್ಲ, ದುಡಿಯುವ ವಯಸ್ಸಿನಲ್ಲಿ ಇವು ಹೆಚ್ಚು. ನಿದ್ದೆಯಲ್ಲಿ ಹಲ್ಲು ಕಡಿಯುವುದು, ಎಚ್ಚರದಲ್ಲಿ ಅರಿವಿಲ್ಲದೆ ಹಲ್ಲು ಕಚ್ಚಿಕೊಂಡಿರುವುದು, ಹಿಂದೆಂದೋ ಬಿದ್ದ ಪೆಟ್ಟು, ಮಾನಸಿಕ ಒತ್ತಡ, ನಿದ್ರಾಹೀನತೆ, ಸಂಧಿವಾತ ಇವೆಲ್ಲ ಸೇರಿ ನೋವನ್ನು ಬೆಳೆಸುತ್ತವೆ. ಒಂದೇ ಕಾರಣವನ್ನು ಹುಡುಕಿ ತೆಗೆಯುವ ಪ್ರಯತ್ನ ಸಾಮಾನ್ಯವಾಗಿ ಫಲಿಸುವುದಿಲ್ಲ.

ಹಲ್ಲಿನ ಮೇಲೆ ಹೊರಿಸಿದ ತಪ್ಪು

ಆ ಒಂದೇ ಕಾರಣದ ಹುಡುಕಾಟಕ್ಕೆ ಉದ್ದನೆಯ ಇತಿಹಾಸವಿದೆ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ ಮೂಗು ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್, ಹಿಂಬದಿಯ ಹಲ್ಲು ಕಳೆದುಕೊಂಡವರಲ್ಲಿ ದವಡೆ ಕುಸಿದು ಕಿವಿನೋವು, ತಲೆಸುತ್ತುಗಳು ಬರುತ್ತವೆಂದು ಬರೆದಾಗ, ಕಿವಿಯ ದೂರೊಂದು ಹಲ್ಲಿನ ವೈದ್ಯರ ಅಂಗಳಕ್ಕೆ ಬಂದು ಬಿತ್ತು. ಅವನ ಅಂಗರಚನೆಯ ವಿವರಣೆ ಬೇಗನೆ ಪ್ರಶ್ನೆಗೊಳಗಾಯಿತು, ಆದರೂ ‘ಹಲ್ಲು ಕೂಡುವ ರೀತಿಯೇ ತಪ್ಪು’ ಎಂಬ ನಂಬಿಕೆ ಮಾತ್ರ ದಶಕಗಳ ಕಾಲ ಉಳಿದು, ನೋವಿಗಾಗಿ ಒಳ್ಳೆಯ ಹಲ್ಲುಗಳನ್ನು ಉಜ್ಜಿ ತಗ್ಗಿಸುವ, ಟೊಪ್ಪಿಗೆ ಹೊದಿಸಿ ಎತ್ತರಿಸುವ ರೂಢಿಗೆ ದಾರಿ ಮಾಡಿತು.

1969ರಲ್ಲಿ ಅಮೆರಿಕದ ಬಾಯಿ ಶಸ್ತ್ರವೈದ್ಯ ಡೇನಿಯಲ್ ಲಾಸ್ಕಿನ್ ಸ್ನಾಯುಗಳ ಬಿಗಿತ ಮತ್ತು ಮನಸ್ಸಿನ ಒತ್ತಡದ ನಂಟನ್ನು ಮುಂದಿಟ್ಟ ಮೇಲೆ ದೃಷ್ಟಿ ಬದಲಾಯಿತು. ಪರೀಕ್ಷೆಯ ವಿಧಾನವನ್ನು ಏಕರೂಪಗೊಳಿಸುವ ಅಂತಾರಾಷ್ಟ್ರೀಯ ಮಾನದಂಡಗಳು ಸಂಶೋಧನೆಗಾಗಿ 1992ರಲ್ಲೂ ದೈನಂದಿನ ಚಿಕಿತ್ಸೆಗೂ ಒಗ್ಗುವಂತೆ 2014ರಲ್ಲೂ ಪ್ರಕಟವಾದವು. ಇಂದು ಕೀಲುನೋವೊಂದರ ಕಾರಣಕ್ಕೇ ಎಲ್ಲ ಹಲ್ಲುಗಳನ್ನು ಉಜ್ಜಿ ಸರಿಪಡಿಸಬೇಕೆಂಬ ಸಲಹೆ ಬಂದರೆ ರೋಗಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ತಪ್ಪಾಗದು.

ಬೆರಳು ಮತ್ತು ಅಳತೆಪಟ್ಟಿ

ರೋಗನಿರ್ಣಯದ ಮುಖ್ಯ ಭಾಗ ಯಂತ್ರದ್ದಲ್ಲ, ಮಾತಿನದ್ದು ಮತ್ತು ಬೆರಳಿನದ್ದು. ಮಂಜೇಶ್ವರದಿಂದ ಬದಿಯಡ್ಕ, ಮುಳ್ಳೇರಿಯದವರೆಗಿನ ಊರುಗಳಲ್ಲಿ ಒಂದೇ ಬೆಳಗ್ಗೆ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿಗಳಲ್ಲಿ ನೋವಿನ ವರ್ಣನೆ ಕೇಳಬೇಕಾದ ವೈದ್ಯರಿಗೆ ಪ್ರಶ್ನೆಗಳ ಕ್ರಮ ನೆರವಾಗುತ್ತದೆ: ಜಗಿಯುವಾಗ ನೋವು ಹೆಚ್ಚುತ್ತದೆಯೇ, ಬೆಳಗ್ಗೆ ಎದ್ದಾಗ ಬಿಗಿತವೇ ಅಥವಾ ಸಂಜೆಯೇ, ಬಾಯಿ ಎಂದಾದರೂ ಸಿಕ್ಕಿಕೊಂಡಿತ್ತೇ, ಖಾರ ತಿಂದರೆ ಉರಿಯುತ್ತದೆಯೇ, ಬಾಯಿಗೆ ಏನು ಹಾಕಿಕೊಳ್ಳುವ ಅಭ್ಯಾಸವಿದೆ?

ಆಮೇಲೆ ಅಳತೆ. ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ತುದಿಗಳ ನಡುವೆ ಪ್ರಾಯದವರಲ್ಲಿ 40 ಮಿಲಿಮೀಟರಿಗಿಂತ ಹೆಚ್ಚು ಅಂತರ ಇರಬೇಕು. ಮನೆಯಲ್ಲಿಯೇ ನೋಡಿಕೊಳ್ಳುವವರಿಗೆ ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಇಡಲಾಗುವುದೇ ಎಂಬುದು ಸಾಕಷ್ಟು ಒಳ್ಳೆಯ ಪರೀಕ್ಷೆ. ದವಡೆ ನೇರವಾಗಿ ಇಳಿಯುತ್ತದೆಯೇ, ಎಡಬಲಕ್ಕೆ ಎಷ್ಟು ಸರಿಯುತ್ತದೆ, ವೈದ್ಯರು ಮೆಲ್ಲನೆ ಒತ್ತಿದರೆ ಇನ್ನೂ ಕೆಲವು ಮಿಲಿಮೀಟರ್ ಬಿಟ್ಟುಕೊಡುತ್ತದೆಯೇ ಎಂಬುದೂ ಸುಳಿವೇ: ಸ್ನಾಯುವಿನ ಬಿಗಿತವಾದರೆ ನೋವಿನೊಂದಿಗೆ ತುಸು ಬಿಟ್ಟುಕೊಡುತ್ತದೆ, ಅಡ್ಡ ಕೂತ ತಟ್ಟೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಕೆನ್ನೆ ಮತ್ತು ಕಣತಲೆಯ ಸ್ನಾಯುಗಳನ್ನು ಸುಮಾರು ಒಂದು ಕಿಲೋ ಭಾರದಷ್ಟು, ಕೀಲಿನ ಹೊರಮೈಯನ್ನು ಅದರ ಅರ್ಧದಷ್ಟು ಬಲದಿಂದ ಒತ್ತಿ ನೋಡುವುದು ಒಪ್ಪಿತ ಕ್ರಮ. ಒತ್ತಿದರೆ ನೋಯುವುದಷ್ಟೇ ಸಾಲದು, ಯಾರಿಗೂ ಒತ್ತಿದರೆ ಒಂದಿಷ್ಟು ನೋಯುತ್ತದೆ; ‘ನನ್ನನ್ನು ಕಾಡುತ್ತಿರುವುದು ಇದೇ ನೋವು’ ಎಂದು ರೋಗಿ ಗುರುತಿಸಬೇಕು.

ಎಲ್ಲ ಹಲ್ಲುಗಳೂ ದವಡೆಯೂ ಒಂದೇ ಪಟದಲ್ಲಿ ಬರುವ ಎಕ್ಸ್‌ರೇ ಮೂಳೆಯ ಮುರಿತ, ಬೆಸುಗೆ, ಸಿಕ್ಕಿಕೊಂಡ ಬುದ್ಧಿಹಲ್ಲುಗಳನ್ನು ತೋರಿಸಬಲ್ಲದು, ಮೂಳೆಯ ಸೂಕ್ಷ್ಮ ವಿವರಕ್ಕೆ ಸಿಟಿ ಬೇಕು, ತಟ್ಟೆ ಎಲ್ಲಿದೆ ಎಂದು ಕಾಣಲು ಎಂಆರ್‌ಐಯೇ ಬೇಕು. ಮಾಮೂಲಿ ದವಡೆನೋವಿಗೆ ಎಂಆರ್‌ಐ ಅಗತ್ಯವಿಲ್ಲ. ನೋವೇ ಇಲ್ಲದವರಲ್ಲೂ ಜಾರಿದ ತಟ್ಟೆ ಅದರಲ್ಲಿ ಕಾಣಿಸುವುದುಂಟು, ಕಂಡದ್ದಕ್ಕೆಲ್ಲ ಚಿಕಿತ್ಸೆ ಮಾಡತೊಡಗಿದರೆ ಮುಗಿಯುವುದೇ ಇಲ್ಲ.

ಕೀಲನ್ನು ಬಿಟ್ಟು ಬೇರೆ ಕಡೆ ನೋಡಬೇಕಾದ ಸಂದರ್ಭಗಳನ್ನೂ ವೈದ್ಯರು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಗುಡ್ಡ ಹತ್ತುವಾಗ ಬಂದು ಕೂತರೆ ಹೋಗುವ ದವಡೆನೋವು ಹೃದಯದ್ದಿರಬಹುದು. ಗಾಯವಾದ ಕೆಲ ದಿನಗಳ ಮೇಲೆ ಬಾಯಿ ಬಿಗಿಯತೊಡಗಿದರೆ ಧನುರ್ವಾಯುವಿನ ಭಯವಿದೆ. 50 ದಾಟಿದವರಿಗೆ ಜಗಿಯುವಾಗ ದವಡೆ ಸೋತು ಹೊಸದಾಗಿ ಕಣತಲೆನೋವು ಶುರುವಾದರೆ ರಕ್ತನಾಳದ ಉರಿಯೂತವಿರಬಹುದಾಗಿದ್ದು, ತಡಮಾಡಿದರೆ ದೃಷ್ಟಿಯೇ ಹೋಗಬಹುದು.

ಕೀಲು ಸರಿಯಿದ್ದೂ ತೆರೆಯದ ಬಾಯಿ

ಕಾಸರಗೋಡಿನ ದಂತವೈದ್ಯರು ಬಾಯಿ ತೆರೆಯದ ರೋಗಿಯನ್ನು ಕಂಡಾಗ ಕೀಲನ್ನು ಒತ್ತಿ ನೋಡುವ ಮೊದಲೇ ಕೆನ್ನೆಯ ಒಳಮೈಯನ್ನು ನೋಡಬೇಕಾಗುವುದು ಅಡಿಕೆಯಿಂದಾಗಿ. ಆರೋಗ್ಯವಾದ ಕೆನ್ನೆಯ ಒಳಮೈ ಗುಲಾಬಿ ಬಣ್ಣದ್ದಾಗಿ ಮೆತ್ತಗಿರುತ್ತದೆ. ಅಡಿಕೆಯ ಚಟದಿಂದ ಹಾಳಾದದ್ದು ಬಿಳಿಚಿಕೊಂಡು, ತೊಗಲಿನ ಹಾಗೆ ಒರಟಾಗಿ, ಬೆರಳಾಡಿಸಿದರೆ ಮೇಲಿನಿಂದ ಕೆಳಕ್ಕೆ ಬಿಗಿದ ಪಟ್ಟಿಗಳು ತಗಲುವಂತಿರುತ್ತದೆ. ನಾಲಗೆ ಮೊದಲಿನಷ್ಟು ಹೊರಚಾಚುವುದಿಲ್ಲ, ಕಿರುನಾಲಗೆ ಕುಗ್ಗಿರುತ್ತದೆ, ಮೀನುಸಾರಿನ ಖಾರವಿರಲಿ ಸಾರಿನ ಒಗ್ಗರಣೆಯ ಮೆಣಸೂ ಉರಿಯುತ್ತದೆ. ಕೀಲಿನಲ್ಲಿ ನೋವಿರುವುದಿಲ್ಲ, ಸದ್ದಿರುವುದಿಲ್ಲ. ಆದರೂ ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗುತ್ತದೆ. ಬಾಯಿಯ ಒಳಪೊರೆಯ ಅಡಿಯಲ್ಲಿ ನಾರು ಬೆಳೆಯುವ ಈ ಕಾಯಿಲೆಯನ್ನು ಆಧುನಿಕ ವೈದ್ಯಸಾಹಿತ್ಯದಲ್ಲಿ ಮೊದಲು ವರ್ಣಿಸಿದ್ದು 1952ರಲ್ಲಿ, ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರಲ್ಲಿ. ಮರುವರ್ಷವೇ ಮುಂಬಯಿಯಿಂದ ಅಂಥದೇ ವರದಿ ಬಂತು.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರವಸ್ತು ನಾರು ನೇಯುವ ಜೀವಕೋಶಗಳನ್ನು ಕೆರಳಿಸುತ್ತದೆ, ಅದರ ಒಗರಿನ ಟ್ಯಾನಿನ್ ಹಾಗೆ ನೇಯ್ದ ನಾರು ಕರಗದಂತೆ ಗಟ್ಟಿಗೊಳಿಸುತ್ತದೆ, ಅಡಿಕೆಯಲ್ಲಿರುವ ತಾಮ್ರ ಆ ನಾರುಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ಕುಮ್ಮಕ್ಕು ಕೊಡುತ್ತದೆ. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತಕ್ಕೂ ಇದಕ್ಕೂ ನಂಟಿದೆಯೇ ಎಂಬ ಪ್ರಶ್ನೆಯನ್ನು ಸಂಶೋಧಕರು ಎತ್ತಿದ್ದಾರೆ. ತಂಬಾಕು ಬೆರೆಸದಿದ್ದರೆ ಅಪಾಯವಿಲ್ಲವೆಂಬ ಮಾತು ಕವಳ ಹಾಕುವವರಲ್ಲಿ ಬಲವಾಗಿದ್ದರೂ, ಈ ಕಾಯಿಲೆಗೆ ತಂಬಾಕು ಬೇಕಾಗಿಯೇ ಇಲ್ಲ. ಕೇರಳದ್ದೇ ಎರ್ನಾಕುಳಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷಗಳ ಕಾಲ ಗಮನಿಸಿದ ತಂಡ 1985ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅವರಲ್ಲಿ ಶೇಕಡಾ 7.6ರಷ್ಟು ಮಂದಿಗೆ ಬಾಯಿಯ ಕ್ಯಾನ್ಸರ್ ಬಂತು. ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದ ವರದಿ 2004ರಲ್ಲಿ ಹೊರಬಂತು.

ಇದನ್ನು ಕಾಸರಗೋಡಿನಲ್ಲಿ ಹೇಳುವುದು ಸುಲಭವಲ್ಲ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಜಿಲ್ಲೆಯ ಹೆಮ್ಮೆಯ ಸಂಸ್ಥೆಯೂ ಗಡಿಯಾಚೆ ವಿಟ್ಲದಲ್ಲಿರುವ ಅದರ ಪ್ರಾದೇಶಿಕ ಕೇಂದ್ರವೂ ಅಡಿಕೆಯ ತಳಿ, ಇಳುವರಿಗಳಿಗಾಗಿ ದುಡಿದಿವೆ; 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕೇರಳ, ಕರ್ನಾಟಕ ಎರಡೂ ರಾಜ್ಯಗಳ ಬೆಳೆಗಾರರ ಚಾಲಿಯಡಿಕೆಗೆ ಬೆಲೆ ನಿಲ್ಲಿಸಿದೆ. ಮಕ್ಕಳ ಓದು, ಮನೆ, ಮದುವೆಗಳೆಲ್ಲ ನಡೆದದ್ದು ಅಡಿಕೆಯ ದುಡ್ಡಿನಲ್ಲೇ ಆಗಿರುವಾಗ ‘ಕ್ಯಾನ್ಸರ್’ ಎಂಬ ಮಾತು ಬೆಳೆಗಾರರಿಗೆ ತಮ್ಮ ಮೇಲಿನ ಆರೋಪದಂತೆ ಕೇಳಿಸುವುದು ಸಹಜ. ಆದರೆ ತೋಟದ ಭವಿಷ್ಯ ಒಂದು ಪ್ರಶ್ನೆ, ದವಡೆಯಲ್ಲಿ ದಿನವಿಡೀ ಅಡಿಕೆ ಇಟ್ಟುಕೊಂಡವರ ಬಾಯಿ ಇನ್ನೊಂದು ಪ್ರಶ್ನೆ; ಮೊದಲನೆಯದು ಇತ್ಯರ್ಥವಾಗುವವರೆಗೆ ಎರಡನೆಯದನ್ನು ಮುಂದೂಡುವುದಕ್ಕೆ ನ್ಯಾಯವಿಲ್ಲ.

ಊಟದ ಮೇಲೆ ಒಮ್ಮೆ ಕವಳ ಹಾಕುತ್ತಿದ್ದ ಹಿರಿಯರ ಜಾಗದಲ್ಲಿ ಒಣ ಅಡಿಕೆಪುಡಿಯ ಪೊಟ್ಟಣವನ್ನು ದಿನಕ್ಕೆ ಹಲವು ಬಾರಿ ಹರಿದು ಬಾಯಿಗೆ ಸುರಿಯುವ ಎಳೆಯರು ಬಂದ ಮೇಲೆ ಕಾಯಿಲೆ ಬೇಗ, ಎಳೆ ವಯಸ್ಸಿನಲ್ಲೇ ಬರತೊಡಗಿದೆ. ಗುಟ್ಕಾವನ್ನು ಕೇರಳ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದರೂ ಪೊಟ್ಟಣಗಳು ಮಾಯವಾಗಿಲ್ಲ. ಚಟ ಬಿಟ್ಟರೆ ಕಾಯಿಲೆ ಮುಂದುವರಿಯುವ ವೇಗ ತಗ್ಗುತ್ತದೆ, ಬೆಳೆದ ನಾರು ಮಾತ್ರ ತಾನಾಗಿ ಪೂರ್ತಿ ಕರಗುವುದಿಲ್ಲ. ಹಲ್ಲುಗಳ ನಡುವೆ ಮರದ ಕಡ್ಡಿಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಮಾಡುವ ವ್ಯಾಯಾಮ, ಕೆನ್ನೆಯೊಳಗೆ ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದು, ತೀರಾ ಬಿಗಿದಿದ್ದರೆ ಪಟ್ಟಿಗಳನ್ನು ಕತ್ತರಿಸಿ ಬೇರೆಡೆಯ ಅಂಗಾಂಶದಿಂದ ಮುಚ್ಚುವ ಶಸ್ತ್ರಚಿಕಿತ್ಸೆ ಇವು ದಾರಿಗಳು. ಇವುಗಳೊಂದಿಗೆ ಹುಣ್ಣು, ಗಂಟುಗಳಿಗಾಗಿ ಜೀವನಪರ್ಯಂತ ತಪಾಸಣೆ ಬೇಕು. ಇಂಥವರಿಗೆ ದವಡೆನೋವೆಂಬ ಹೆಸರಿಟ್ಟು ಮಾತ್ರೆ ಕೊಟ್ಟು ಕಳಿಸುವುದು ಈ ಜಿಲ್ಲೆಯಲ್ಲಿ ಆಗಬಹುದಾದ ಅತಿ ದುಬಾರಿ ತಪ್ಪು.

ಗಂಜಿ, ಬಿಸಿಶಾಖ, ವಿರಾಮ

ನಿಜವಾಗಿ ಕೀಲು ಮತ್ತು ಸ್ನಾಯುಗಳದ್ದೇ ತೊಂದರೆಯಾದರೆ ಸುದ್ದಿ ಒಳ್ಳೆಯದೇ, ಏಕೆಂದರೆ ಹೆಚ್ಚಿನವರು ಸರಳ ಆರೈಕೆಯಲ್ಲೇ ಗುಣವಾಗುತ್ತಾರೆ. ಕೆಲವು ವಾರ ಮೆತ್ತನೆಯ ಆಹಾರ ಎಂದರೆ ಕುಚ್ಚಲಕ್ಕಿ ಗಂಜಿಯ ನಾಡಿನಲ್ಲಿ ಅದು ಶಿಕ್ಷೆಯಲ್ಲ. ಚಕ್ಕುಲಿ, ಕಬ್ಬು, ಸುಟ್ಟ ಹಲಸಿನ ಬೀಜಗಳನ್ನು ದೂರವಿಡಬೇಕು, ಅಡಿಕೆ ಜಗಿಯುವುದು ಇಲ್ಲಿಯೂ ನಿಲ್ಲಬೇಕು. ಕೆನ್ನೆಗೆ ಒದ್ದೆ ಬಟ್ಟೆಯ ಬಿಸಿಶಾಖ, ವೈದ್ಯರು ಸೂಚಿಸಿದಷ್ಟು ದಿನ ಉರಿಯೂತ ತಗ್ಗಿಸುವ ಮಾತ್ರೆ, ಮೆಲ್ಲನೆ ಮಾಡುವ ವ್ಯಾಯಾಮ ಇವು ಉಳಿದ ಭಾಗ. ಸುಮ್ಮನಿರುವಾಗ ತುಟಿ ಮುಚ್ಚಿದ್ದರೂ ಮೇಲಿನ ಕೆಳಗಿನ ಹಲ್ಲುಗಳು ತಾಗಿರಬಾರದು ಎಂಬ ಸಂಗತಿ ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ. ಅದನ್ನು ದಿನದಲ್ಲಿ ಹಲವು ಸಲ ನೆನಪಿಸಿಕೊಳ್ಳುವುದರಿಂದಲೇ ಎಷ್ಟೋ ನೋವು ತಗ್ಗುತ್ತದೆ.

ರಾತ್ರಿ ಹಲ್ಲು ಕಡಿಯುವವರಿಗೆ ಅಕ್ರಿಲಿಕ್‌ನ ಗಟ್ಟಿ ಪಟ್ಟಿಯೊಂದನ್ನು ಹಲ್ಲಿನ ಅಚ್ಚಿಗೆ ಸರಿಯಾಗಿ ಮಾಡಿಕೊಡುತ್ತಾರೆ. ಅದು ಹಲ್ಲನ್ನು ಸವೆತದಿಂದ ಕಾಪಾಡುತ್ತದೆ, ನೋವನ್ನೂ ಹಲವರಲ್ಲಿ ತಗ್ಗಿಸುತ್ತದೆ, ಆದರೆ ಹಗಲಿರುಳೂ ಹಾಕಿಕೊಂಡರೆ ಹಲ್ಲುಗಳ ಹೊಂದಾಣಿಕೆಯೇ ಬದಲಾಗುವ ಅಪಾಯವಿದೆ.

ಇಷ್ಟಕ್ಕೆ ಬಗ್ಗದೆ ಬಾಯಿ ಸಿಕ್ಕಿಕೊಂಡೇ ಉಳಿದವರಿಗೆ ಕೀಲನ್ನು ತೊಳೆಯುವ ವಿಧಾನವುಂಟು. ಕೀಲಿನೊಳಗೆ ಎರಡು ಸೂಜಿ ತೂರಿಸಿ, ಒಂದರಿಂದ ಉಪ್ಪುನೀರಿನ ದ್ರಾವಣ ಹರಿಸಿ ಇನ್ನೊಂದರಿಂದ ಹೊರಬಿಡುವ ಈ ಕ್ರಮವನ್ನು 1991ರಲ್ಲಿ ಜೆರುಸಲೇಮಿನ ಡೊರಿಟ್ ನಿಟ್ಜಾನ್ ಮತ್ತು ಸಂಗಡಿಗರು ವಿವರಿಸಿದರು. ಕೀಲನ್ನು ತೆರೆಯುವ ಶಸ್ತ್ರಚಿಕಿತ್ಸೆ ಕೊನೆಯ ಆಯ್ಕೆ. 1980ರ ದಶಕದಲ್ಲಿ ಅಮೆರಿಕದಲ್ಲಿ ತಟ್ಟೆಯ ಬದಲಿಗೆ ಜೋಡಿಸಿದ ಟೆಫ್ಲಾನ್ ಮಿಶ್ರಿತ ತುಂಡುಗಳು ಒಡೆದು ಪುಡಿಯಾಗಿ ಸುತ್ತಲ ಮೂಳೆಯನ್ನೇ ಕೊರೆದು, 1990ರ ಹೊತ್ತಿಗೆ ಅವುಗಳನ್ನು ಹಿಂತೆಗೆದುಕೊಳ್ಳಬೇಕಾಗಿ ಬಂದ ಕಹಿ ಅನುಭವ ಈ ಎಚ್ಚರಕ್ಕೆ ಒಂದು ಕಾರಣ.

ಆಕಳಿಸಿ ತೆರೆದೇ ನಿಂತ ಬಾಯಿಯಲ್ಲಿ ಮೂಳೆಯ ತಲೆ ಮುಂದಿನ ಏರನ್ನು ದಾಟಿ ಆಚೆಗೆ ಬಿದ್ದಿರುತ್ತದೆ. ಬಟ್ಟೆ ಸುತ್ತಿದ ಹೆಬ್ಬೆರಳುಗಳನ್ನು ಕೆಳದವಡೆಯ ಹಿಂಬಲ್ಲುಗಳ ಬಳಿ ಇಟ್ಟು, ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳುವ ಉಪಾಯ ಗ್ರೀಸಿನ ಹಿಪೊಕ್ರೆಟಿಸನ ಹೆಸರಿನ ಗ್ರಂಥಗಳಷ್ಟು ಹಳೆಯದು. ಬಟ್ಟೆ ಸುತ್ತುವುದು ದವಡೆ ತಟ್ಟನೆ ಸ್ವಸ್ಥಾನಕ್ಕೆ ಮರಳಿದಾಗ ವೈದ್ಯರ ಬೆರಳು ಉಳಿಯಲೆಂದು. ಮನೆಯವರು ಇದನ್ನು ಪ್ರಯತ್ನಿಸಬಾರದು, ತಡವನ್ನೂ ಮಾಡಬಾರದು. ಹೊತ್ತು ಕಳೆದಷ್ಟೂ ಸ್ನಾಯುಗಳು ಬಿಗಿದು ಕೆಲಸ ಕಠಿಣವಾಗುತ್ತದೆ.

ಗದ್ದಕ್ಕೆ ಬಿದ್ದ ಪೆಟ್ಟು

ಮಕ್ಕಳ ವಿಷಯ ಮಾತ್ರ ಬೇರೆಯೇ. ಪಾಗಾರದಿಂದಲೋ ಮರದಿಂದಲೋ ಗದ್ದ ನೆಲಕ್ಕೆ ಬಡಿಯುವಂತೆ ಬಿದ್ದ ಮಗುವಿನಲ್ಲಿ ಪೆಟ್ಟಿನ ಬಲ ನೇರವಾಗಿ ಎರಡೂ ಕೀಲುಗಳಿಗೆ ತಲುಪಿ, ಮೂಳೆಯ ತಲೆ ಜಜ್ಜಿ, ಕೀಲಿನೊಳಗೆ ರಕ್ತ ತುಂಬಿಕೊಳ್ಳಬಹುದು. ಹೊರಗಿನ ಗಾಯ ವಾರದಲ್ಲಿ ಮಾಯುತ್ತದೆ; ಒಳಗೆ ಹೆಪ್ಪುಗಟ್ಟಿದ ರಕ್ತದ ಜಾಗದಲ್ಲಿ ತಿಂಗಳುಗಳಲ್ಲಿ ಮೂಳೆ ಬೆಳೆದು ಕೆಳದವಡೆ ತಲೆಬುರುಡೆಗೇ ಬೆಸೆದುಹೋಗುವ ಸಂಭವವಿದೆ. ಕಿವಿಯ ಸೋಂಕು ಒಳಕ್ಕೆ ಹರಡಿದರೂ ಹೀಗಾಗಬಹುದು. ಕೀಲು ಬೆಸೆದ ಮಗುವಿನ ದವಡೆ ಬೆಳೆಯದೆ ಗದ್ದ ಹಿಂದೆ ಸರಿದಂತೆ ಕಾಣುತ್ತದೆ, ಹಲ್ಲು ಉಜ್ಜಲಾಗದೆ ಹುಳುಕಾಗುತ್ತವೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ.

ಇದಕ್ಕೆ ಬೆಸೆದ ಮೂಳೆಯನ್ನು ಕತ್ತರಿಸಿ ತೆಗೆದು, ನಡುವೆ ಕಣತಲೆಯ ಸ್ನಾಯುವಿನ ಪದರ ಹಾಸಿ, ಬೇಕಾದರೆ ಪಕ್ಕೆಲುಬಿನ ಮೆದುಮೂಳೆಯಿಂದ ಹೊಸ ತಲೆ ಕೂರಿಸುವ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕು. ಬಾಯಿಯೇ ತೆರೆಯದ ಮಗುವಿಗೆ ಅರಿವಳಿಕೆಯ ನಳಿಕೆ ಇಳಿಸುವುದೂ ಪರಿಣತರ ಕೆಲಸ. ಜಿಲ್ಲೆಯ ಪೊಯಿನಾಚಿಯಲ್ಲಿ ದಂತವೈದ್ಯ ಕಾಲೇಜಿದೆ. ಉತ್ತರ ಭಾಗದವರು ಹೆಚ್ಚಾಗಿ ತಲಪಾಡಿಯ ಗಡಿ ದಾಟಿ ದೇರಳಕಟ್ಟೆ, ಮಂಗಳೂರುಗಳ ಆಸ್ಪತ್ರೆಗಳಿಗೆ ಹೋಗುತ್ತಾರೆ. ಶಸ್ತ್ರಚಿಕಿತ್ಸೆಯ ಬಳಿಕ ನೋವಿದ್ದರೂ ತಿಂಗಳುಗಟ್ಟಲೆ ಬಾಯಿ ತೆರೆಸುವ ವ್ಯಾಯಾಮ ನಡೆಯದಿದ್ದರೆ ಮೂಳೆ ಮತ್ತೆ ಬೆಸೆಯುವುದರಿಂದ, ಆಸ್ಪತ್ರೆಗೆ ಮತ್ತೆ ಮತ್ತೆ ಹೋಗಿಬರುವುದು ಚಿಕಿತ್ಸೆಯ ಅರ್ಧ ಭಾಗ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಗಡಿ ಮುಚ್ಚಿ, ರೋಗಿಗಳ ಸಂಚಾರದ ಪ್ರಶ್ನೆ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದಾಗ ಗಡಿಯಾಚೆಯ ಆಸ್ಪತ್ರೆಗಳ ಮೇಲಿನ ಈ ಅವಲಂಬನೆ ಎಷ್ಟು ಆಳದ್ದೆಂಬುದು ಎಲ್ಲರಿಗೂ ಕಂಡಿತು.

ಆದ್ದರಿಂದ ಗದ್ದದ ಗಾಯಕ್ಕೆ ಹೊಲಿಗೆ ಹಾಕಿಸಿದ ಮಗುವನ್ನು ದಂತವೈದ್ಯರಿಗೂ ತೋರಿಸಿ, ಹಲ್ಲುಗಳು ಮೊದಲಿನಂತೆಯೇ ಕೂಡುತ್ತವೆಯೇ, ಬಾಯಿ ನೇರವಾಗಿ ತೆರೆಯುತ್ತದೆಯೇ ಎಂದು ನೋಡಿಸಿ, ಸಂಶಯವಿದ್ದರೆ ಎಕ್ಸ್‌ರೇ ತೆಗೆಸಬೇಕು. ಮಕ್ಕಳಲ್ಲಿ ಮೂಳೆಯ ತಲೆ ಬಿರುಕು ಬಿಟ್ಟಿದ್ದರೂ ದವಡೆಯನ್ನು ಬಹಳ ದಿನ ಕಟ್ಟಿಡದೆ, ಮೆತ್ತನೆಯ ಆಹಾರ ಕೊಡುತ್ತ ಬೇಗನೆ ಆಡಿಸತೊಡಗುವುದೇ ಸಾಮಾನ್ಯವಾಗಿ ಅನುಸರಿಸುವ ಕ್ರಮ. ಆಮೇಲೆ ಒಂದು ವರ್ಷವಾದರೂ ತಿಂಗಳಿಗೊಮ್ಮೆ ಮಗುವಿನದ್ದೇ ಮೂರು ಬೆರಳುಗಳನ್ನು ಅದರ ಬಾಯಿಗೆ ಇಡಿಸಿ ನೋಡಬೇಕು. ಮೂರು ಹೋಗುತ್ತಿದ್ದಲ್ಲಿ ಎರಡೇ ಹೋಗುವಂತಾದರೆ ಅದೇ ವಾರ ವೈದ್ಯರಲ್ಲಿಗೆ ಕರೆದೊಯ್ಯಬೇಕು.